ಹುಣಸೆ ಮಾರಿ ಅಕ್ಕಿ ಕೊಳ್ಳುವವರು: ಸಾಂಬಾರ ರಫ್ತಿನ ಒಳಲೆಕ್ಕ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ‘ಕಡಿಮೆ ಆದಾಯದ, ಆಹಾರ ಕೊರತೆಯ ರಾಷ್ಟ್ರಗಳು’ ಎಂಬ ಪಟ್ಟಿಯೊಂದನ್ನು ಬಹುಕಾಲದಿಂದ ಪ್ರಕಟಿಸುತ್ತ ಬಂದಿದೆ. ತಲಾ ಆದಾಯವು ಗೊತ್ತುಪಡಿಸಿದ ಮಿತಿಯೊಳಗಿದ್ದು, ಹೊರಗೆ ಮಾರುವ ಆಹಾರಕ್ಕಿಂತ ಹೊರಗಿನಿಂದ ಕೊಳ್ಳುವ ಆಹಾರವು ಕ್ಯಾಲೊರಿ ಲೆಕ್ಕದಲ್ಲಿ ಅಧಿಕವಾಗಿದ್ದರೆ ಆ ರಾಷ್ಟ್ರವನ್ನು ಇದರಲ್ಲಿ ಸೇರಿಸಲಾಗುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಭಾರತದ ಹೆಸರೂ ಇದರಲ್ಲಿತ್ತು. ಮಡಗಾಸ್ಕರ್, ಕೊಮೊರೊಸ್‌ನಂತಹ ದ್ವೀಪರಾಷ್ಟ್ರಗಳು ಇತ್ತೀಚಿನ ಪಟ್ಟಿಗಳಲ್ಲಿಯೂ ಇವೆ. ಇವೆರಡೂ ಲವಂಗ ಮತ್ತು ವೆನಿಲ್ಲಾ ರಫ್ತಿಗೆ ಜಗತ್ಪ್ರಸಿದ್ಧವೆಂಬುದು ಗಮನಾರ್ಹ. ಹಡಗು ತುಂಬ ಲವಂಗ ಕಳುಹಿಸಿದರೂ ಕ್ಯಾಲೊರಿಯ ಲೆಕ್ಕದಲ್ಲಿ ಅದು ನಗಣ್ಯ. ಆದ್ದರಿಂದ ಇಂತಹ ರಾಷ್ಟ್ರಗಳ ಮಟ್ಟಿಗೆ ಡಾಲರಿನಲ್ಲಿ ಎಷ್ಟು ಬಂತು ಎಂಬುದಕ್ಕಿಂತ, ಒಂದು ಕಿಲೋ ಸಾಂಬಾರ ಪದಾರ್ಥಕ್ಕೆ ಎಷ್ಟು ಕಿಲೋ ಅಕ್ಕಿ ದೊರೆಯಿತು ಎಂಬುದೇ ನಿಜವಾದ ಲೆಕ್ಕ.

ಈ ಲೆಕ್ಕವನ್ನು ಅರಿಯಲು ಹಿಂದೂ ಮಹಾಸಾಗರವನ್ನು ದಾಟಬೇಕಾಗಿಲ್ಲ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಹೋಬಳಿಯವರೆಗೆ ಹೋದರೆ ಸಾಕು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಈ ಭಾಗದಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ರಾಗಿ, ನೆಲಗಡಲೆಗಳು ಮಳೆಯನ್ನೇ ನಂಬಿವೆ. ಬದುಗಳಲ್ಲಿ, ಸಾಲುಮರಗಳಾಗಿ ನಿಂತ ಹುಣಸೆಯಾದರೋ ಮಳೆ ಕೈಕೊಟ್ಟ ವರ್ಷವೂ ಒಂದಿಷ್ಟು ನಗದು ತರುತ್ತದೆ. ಆ ನಗದಿನಿಂದ ಮನೆಗೆ ಅಕ್ಕಿ, ಬೇಳೆ ಬರುತ್ತವೆ. ಹುಳಿ ಮಾರಿ ಅನ್ನ ಕೊಳ್ಳುವ ಕುಟುಂಬವು ಲವಂಗ ಮಾರಿ ಅಕ್ಕಿ ಕೊಳ್ಳುವ ದ್ವೀಪಕ್ಕಿಂತ ತತ್ತ್ವತಃ ಭಿನ್ನವಲ್ಲ.

ಹುಣಸೆಯು ಸಾಂಬಾರ ಪದಾರ್ಥವೇ ಎಂದು ಕೆಲವರಿಗೆ ಸಂದೇಹ ಮೂಡಬಹುದು. 1986ರ ಸಾಂಬಾರ ಮಂಡಳಿ ಅಧಿನಿಯಮದ ಅನುಸೂಚಿಯಲ್ಲಿರುವ 52 ಪದಾರ್ಥಗಳಲ್ಲಿ ಹುಣಸೆಯೂ ಒಂದು. ಆದರೆ ಸುಂಕದ ವರ್ಗೀಕರಣದಲ್ಲಿ ಮೆಣಸು, ಏಲಕ್ಕಿಗಳು 9ನೇ ಅಧ್ಯಾಯದಲ್ಲಿದ್ದರೆ, ಒಣ ಹುಣಸೆಯು ಹಣ್ಣುಗಳೊಡನೆ 8ನೇ ಅಧ್ಯಾಯದಲ್ಲಿ, 0813 40 10 ಎಂಬ ಸಂಕೇತದಡಿ ಇದೆ. ಹೊಸದಾಗಿ ರಫ್ತಿಗೆ ಇಳಿಯುವವರು ದಾಖಲೆಗಳಲ್ಲಿ ಎಡವುವುದು ಇಂತಹ ಕಡೆಯೇ. ಆಮದು-ರಫ್ತು ಸಂಕೇತ ಸಂಖ್ಯೆಯ ಜೊತೆಗೆ ಸಾಂಬಾರ ಮಂಡಳಿಯ ರಫ್ತುದಾರ ನೋಂದಣಿ ಪತ್ರವೂ ಕಡ್ಡಾಯ. ಒಣ ಹುಣಸೆಯ ಮೇಲಿದ್ದ ಶೇ. 5ರ ಸರಕು ಮತ್ತು ಸೇವಾ ತೆರಿಗೆಯನ್ನು 2019ರ ಅಕ್ಟೋಬರ್‌ನಿಂದ ತೆಗೆದುಹಾಕಲಾಗಿದೆ.

ಇನ್ನು ಆದಾಯ ಯಾರ ಪಾಲಾಗುತ್ತದೆ ಎಂಬ ಪ್ರಶ್ನೆ. ಕಾಯಿ ಮಾಗುವ ಮೊದಲೇ ಮರವನ್ನು ಗುತ್ತಿಗೆಗೆ ಕೊಡುವುದು ಬಯಲುಸೀಮೆಯ ಹಳೆಯ ರೂಢಿ. ಹುಣಸೆಯು ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಕಾಯುವ ಮರವಾದ್ದರಿಂದ, ಆ ಅನಿಶ್ಚಿತತೆಯನ್ನು ಗುತ್ತಿಗೆದಾರನಿಗೆ ವಹಿಸಿ ರೈತನು ಮುಂಗಡ ಹಣ ಪಡೆಯುತ್ತಾನೆ. ಇದನ್ನು ಬರೀ ಶೋಷಣೆ ಎನ್ನಲಾಗದು. ಬೆಳೆನಷ್ಟದ ಹೊಣೆ ಹೊರುವವನಿಗೆ ಪ್ರತಿಫಲ ಸಲ್ಲಲೇಬೇಕು. ಆದರೆ ಮರದ ಮೇಲಿನ ಕಾಯಿಗೂ ಅಂಗಡಿಯ ಹಣ್ಣಿಗೂ ನಡುವೆ ಹೆಚ್ಚುವ ಮೌಲ್ಯದಲ್ಲಿ ಮರದೊಡೆಯನಿಗೆ ಪಾಲಿಲ್ಲ. ಸಿಪ್ಪೆ ಬಿಡಿಸಿ, ನಾರು ತೆಗೆದು, ಕುಟ್ಟಿ ಬೀಜ ಬೇರ್ಪಡಿಸುವ ಕೆಲಸ ಬಹುತೇಕ ಮಹಿಳೆಯರದು. ಕೂಲಿ ದೊರೆಯುತ್ತದೆ, ಲಾಭವಲ್ಲ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಂತಾಮಣಿ ಮಾರುಕಟ್ಟೆಗೆ ಮಾಲು ಒಮ್ಮೆಗೇ ಬರುತ್ತದೆ. ಹೊರಗೆ ಇಟ್ಟರೆ ಹಣ್ಣು ಕಪ್ಪಾಗುತ್ತದೆ, ಬೆಲೆ ಇಳಿಯುತ್ತದೆ. ಶೈತ್ಯಾಗಾರದಲ್ಲಿ ಇಟ್ಟರೆ ಬಣ್ಣ ಉಳಿದು, ಸುಗ್ಗಿ ಮುಗಿದ ಮೇಲೆ ಮಾರಬಹುದು. ಹುಣಸೆ ವ್ಯಾಪಾರದ ಲಾಭವೆಂಬುದು ಬಹುಮಟ್ಟಿಗೆ ಈ ಕಾಯುವ ಶಕ್ತಿಯೇ. ಸಾಲದ ಕಂತು ಎದುರಿಗಿರುವ ರೈತನಿಗೆ ಅದಿಲ್ಲ. ಮಾಲನ್ನು ಅಡವಿಟ್ಟು ಸಾಲ ನೀಡುವ ವ್ಯವಸ್ಥೆ ಕೃಷಿ ಮಾರುಕಟ್ಟೆಗಳಿಗೆ ಹೊಸದಲ್ಲ. ಶೈತ್ಯಾಗಾರದ ಹುಣಸೆಗೂ ಅದು ಸುಲಭವಾಗಿ ಒದಗಿದರೆ ಸಣ್ಣ ಹಿಡುವಳಿದಾರನೂ ಕಾಯಬಲ್ಲನು.

ಕಾಯುವುದಕ್ಕೂ ಮಿತಿಯಿದೆ ಎಂಬುದಕ್ಕೆ ವೆನಿಲ್ಲಾ ಸಾಕ್ಷಿ. 2000ದ ಏಪ್ರಿಲ್‌ನಲ್ಲಿ ಹುದಾ ಚಂಡಮಾರುತವು ಮಡಗಾಸ್ಕರಿನ ವೆನಿಲ್ಲಾ ಪ್ರದೇಶವನ್ನು ಧ್ವಂಸಗೊಳಿಸಿತು. ಬೆಲೆ ಗಗನಕ್ಕೇರಿತು. ಮಲೆನಾಡು ಮತ್ತು ಕರಾವಳಿಯ ರೈತರು ಅಡಿಕೆ ತೋಟಗಳಲ್ಲಿ ಬಳ್ಳಿ ಹಬ್ಬಿಸಿದರು. 2003-04ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿ ದಾಟಿದ ಧಾರಣೆಯು ಕೆಲವೇ ವರ್ಷಗಳಲ್ಲಿ 100 ರೂಪಾಯಿಗಿಂತ ಕೆಳಗಿಳಿಯಿತು. ಒಬ್ಬ ಬೆಳೆಗಾರನ ಸಂಕಟವೇ ಮತ್ತೊಬ್ಬನ ಭಾಗ್ಯವಾಗುವ ಸರಕು ಇದು. ಅಡಿಕೆಯ ಆಸರೆ ಇದ್ದವರು ಪೆಟ್ಟನ್ನು ತಾಳಿಕೊಂಡರು. ಕೊಂಡ ಅಕ್ಕಿಯನ್ನೇ ನಂಬಿದ ಮಡಗಾಸ್ಕರಿನ ಬೆಳೆಗಾರನಿಗೆ ಆ ಅನುಕೂಲವಿರಲಿಲ್ಲ.

ಇಲ್ಲಿಯ ಸಣ್ಣ ತಯಾರಕರ ದೃಷ್ಟಿಯಿಂದ ನೋಡಿದರೆ ಹುಣಸೆಯಲ್ಲಿ ಹಣ್ಣಿನಷ್ಟೇ ಬೀಜವೂ ಮುಖ್ಯ. ಸಾಮಾನ್ಯ ಅಂದಾಜಿನಂತೆ ಕಾಯಿಯ ತೂಕದಲ್ಲಿ ತಿರುಳು ಶೇ. 55, ಬೀಜ ಶೇ. 34, ಉಳಿದದ್ದು ಸಿಪ್ಪೆ ಮತ್ತು ನಾರು. ಬೀಜದ ಪುಡಿಯು ಜವಳಿ ಉದ್ಯಮದಲ್ಲಿ ನೂಲಿಗೆ ಗಂಜಿ ಹಾಕಲು, ಬಣ್ಣದ ಅಚ್ಚಿಗೆ ಬೇಕಾಗುವ ಸರಕು. ಮೂರನೆಯ ಒಂದು ಭಾಗವನ್ನು ಚೀಲಗಟ್ಟಲೆ ಅಗ್ಗಕ್ಕೆ ಮಾರುವ ಊರು ತನ್ನ ಅಕ್ಕಿಯ ಒಂದು ಪಾಲನ್ನೇ ಬಿಟ್ಟುಕೊಟ್ಟಂತೆ. ತಿರುಳಿನ ವಿಷಯದಲ್ಲಿಯೂ ಥಾಯ್ಲೆಂಡ್ ಪಾಶ್ಚಾತ್ಯ ಅಂಗಡಿಗಳಿಗೆ ಕಳುಹಿಸುವುದು ಬೀಜ ತೆಗೆದ, ಸಣ್ಣ ಪೊಟ್ಟಣಗಳಲ್ಲಿ ಕಟ್ಟಿದ ಹಣ್ಣನ್ನು ಮತ್ತು ಬಾಟಲಿಯ ರಸವನ್ನು.

ಆ ಮಾರುಕಟ್ಟೆಗೆ ಹೋಗಬೇಕಾದರೆ ಶುಚಿತ್ವದ ಪರೀಕ್ಷೆ ಅನಿವಾರ್ಯ. 2003ರಲ್ಲಿ ಭಾರತದ ಮೆಣಸಿನ ಪುಡಿಯಲ್ಲಿ ಸುಡಾನ್ ಎಂಬ ನಿಷಿದ್ಧ ಬಣ್ಣ ಪತ್ತೆಯಾದ ನಂತರ ಐರೋಪ್ಯ ಒಕ್ಕೂಟವು ಪ್ರತಿ ಸರಕಿಗೂ ಪರೀಕ್ಷಾ ಪತ್ರ ಕೇಳತೊಡಗಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದ ಅಧಿಕಾರಿಗಳು ಎಥಿಲೀನ್ ಆಕ್ಸೈಡ್ ಕಾರಣ ಕೆಲವು ಭಾರತೀಯ ಮಸಾಲೆಗಳ ಮೇಲೆ ಕ್ರಮ ಕೈಗೊಂಡರು. ಹುಣಸೆಗೆ ಇಂತಹ ರಾಸಾಯನಿಕದ ಗೊಡವೆ ಕಡಿಮೆ. ಅದರ ಶತ್ರುಗಳು ಮಣ್ಣು, ಕಲ್ಲು ಮತ್ತು ತೇವಾಂಶ. ಮರದಿಂದ ಬಡಿದ ಕಾಯಿ ಬರಿ ನೆಲಕ್ಕೆ ಬೀಳದಂತೆ ಕೆಳಗೆ ಹಾಸುವ ಒಂದು ಟಾರ್ಪಾಲಿನ ವೆಚ್ಚವು, ಮುಂದೆ ಆರಿಸಿ ತೆಗೆಯುವ ಕೂಲಿಗಿಂತ ಬಹಳ ಕಡಿಮೆ.