ಕಾಂಗೇರ್ ಕಣಿವೆ: ಸುಣ್ಣಕಲ್ಲಿನ ಕಾಡು, ಧುರ್ವರ ನೆಲ

ಛತ್ತೀಸಗಢದ ಬಸ್ತರ್‌ಗೆ ಹೋದವರು ಚಿತ್ರಕೋಟ ಜಲಪಾತ ನೋಡಿ ಮರಳುವುದೇ ಹೆಚ್ಚು. ಜಗದಲ್‌ಪುರದಿಂದ ಇನ್ನೊಂದು ದಿಕ್ಕಿಗೆ ಸುಮಾರು 30 ಕಿ.ಮೀ. ಸಾಗಿದರೆ ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನವಿದೆ. ಅದಕ್ಕೆ ಒಂದಿಡೀ ದಿನ ಕೊಡದೆ ಬಂದರೆ ನಷ್ಟ ನಮ್ಮದೇ.

1982ರಲ್ಲಿ ಘೋಷಣೆಯಾದ ಈ 200 ಚದರ ಕಿ.ಮೀ. ಕಾಡಿನಲ್ಲಿ ಸಾಲ ವೃಕ್ಷಗಳೂ ತೇಗವೂ ಬೆರೆತು ಬೆಳೆದಿವೆ. ಚಿರತೆ, ಕರಡಿ, ಜಿಂಕೆಗಳಿವೆ. ಭೈಂಸಾ ದರಹಾ ಎಂಬ ಮಡುವಿನಲ್ಲಿ ಮೊಸಳೆಗಳು. ಮುಂಗಾ ಬಹಾರ್ ಹೊಳೆ ತೀರಥಗಢದಲ್ಲಿ ಸುಮಾರು 300 ಅಡಿ ಆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತದೆ.

ಆದರೆ ಕಣಿವೆಯ ನಿಜವಾದ ಬೆರಗು ನೆಲದಡಿಯಲ್ಲಿದೆ. ಇಲ್ಲಿನದು ಸುಣ್ಣಕಲ್ಲು. ಮಳೆನೀರು ಅದನ್ನು ಕರಗಿಸುತ್ತಾ ಕೋಟುಮ್‌ಸರ್, ಕೈಲಾಸ, ದಂಡಕ್ ಗುಹೆಗಳನ್ನು ಕೊರೆದಿದೆ. ಕೋಟುಮ್‌ಸರ್‌ನ ಬಾಯಿ ಒಬ್ಬರು ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಕಿರಿದು. ಒಳಗೆ ಸೆಕೆ, ಕಗ್ಗತ್ತಲು. ಮಾರ್ಗದರ್ಶಕರ ದೀಪ ಬಿದ್ದ ಕಡೆ ಚಾವಣಿಯಿಂದ ಇಳಿದ, ನೆಲದಿಂದ ಎದ್ದ ಸುಣ್ಣದ ಕಂಬಗಳು ಕಾಣುತ್ತವೆ. ಹನಿಹನಿಯಾಗಿ ಬೆಳೆದ ಅವನ್ನು ದಯವಿಟ್ಟು ಮುಟ್ಟಬೇಡಿ. ಒಳಗಿನ ಕೊಳಗಳಲ್ಲಿ ಪುಟ್ಟ ಮೀನುಗಳಿವೆ. ಬೆಳಕೇ ಕಾಣದೆ ಬದುಕಿ ಅವುಗಳ ಕಣ್ಣು ಕುಗ್ಗಿದೆ, ಮೈಬಣ್ಣ ಮಾಸಿದೆ.

ಈ ಕಾಡಿನ ಮಕ್ಕಳಾದ ಧುರ್ವರ ನುಡಿ ಕನ್ನಡದಂತೆಯೇ ದ್ರಾವಿಡ ಬಳಗದ್ದು. ಬ್ರಿಟಿಷ್ ಸರ್ಕಾರ ಬಸ್ತರ್‌ನ ಕಾಡಿನ ಬಹುಪಾಲನ್ನು ಮೀಸಲು ಮಾಡಿ ಬೇಸಾಯ, ಬೇಟೆ, ಕಾಡುತ್ಪತ್ತಿ ಸಂಗ್ರಹವನ್ನೆಲ್ಲ ತಡೆಯಹೊರಟಾಗ ಮೊದಲು ಸಿಡಿದೆದ್ದವರು ಕಾಂಗೇರ್‌ನ ಈ ಧುರ್ವರು. 1910ರ ಆ ಭೂಮ್‌ಕಾಲ್ ಬಂಡಾಯದಲ್ಲಿ ಮುಂದೆ ನಿಂತವನು ನೇತಾನಾರ್‌ನ ಗುಂಡಾಧೂರ್. ಈ ಕಥೆ ತಿಳಿಯದೆ ಕಣಿವೆಯನ್ನು ನೋಡಿದರೆ ನೋಟ ಅರ್ಧವೇ.

ಇಂದು ಇಲ್ಲಿನ ಹಳ್ಳಿಗಳ ಯುವಕರು 'ಮೈನಾ ಮಿತ್ರ'ರಾಗಿ ರಾಜ್ಯಪಕ್ಷಿ ಗುಡ್ಡದ ಗೊರವಂಕದ ಗೂಡುಗಳನ್ನು ಕಾಯುತ್ತಿದ್ದಾರೆ. ಮನುಷ್ಯರ ಮಾತನ್ನು ಅನುಕರಿಸಬಲ್ಲ ಈ ಹಕ್ಕಿಯನ್ನು ಪಂಜರಕ್ಕಾಗಿ ಹಿಡಿಯುತ್ತಿದ್ದುದೇ ಅದಕ್ಕೆ ಮುಳುವಾಗಿತ್ತು.

ವಿಶಾಖಪಟ್ಟಣದಿಂದ ಅರಕು ಘಟ್ಟ ಹತ್ತಿ ಜಗದಲ್‌ಪುರ ಸೇರುವ ರೈಲು ದಾರಿ ಸೊಗಸಾಗಿದೆ. ಮಳೆಗಾಲದಲ್ಲಿ ಗುಹೆಗೆ ನೀರು ನುಗ್ಗುವುದರಿಂದ ಮುಚ್ಚಿರುತ್ತಾರೆ. ಬೇಸಿಗೆಯಲ್ಲಿ ಜಲಪಾತ ಸೊರಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ಎರಡೂ ಸಿಗುತ್ತವೆ.