ಪಿಸ್ತೂಲಿಗೆ ಒಪ್ಪುವ ತೋಟಾ

ಗುಂಡು ಬೇರೆ, ತೋಟಾ ಬೇರೆ. ಮಾತಿನಲ್ಲಿ ನಾವು ಎರಡನ್ನೂ ಕಲಸಿಬಿಡುತ್ತೇವೆ. ಹಿತ್ತಾಳೆಯ ಚಿಪ್ಪು, ಅದರೊಳಗಿನ ಮದ್ದು, ಮದ್ದಿಗೆ ಕಿಡಿ ಕೊಡುವ ರಾಸಾಯನಿಕ, ತುದಿಯಲ್ಲಿ ಕೂತ ಸೀಸದ ಗುಂಡು, ಇಷ್ಟೂ ಸೇರಿದರೆ ತೋಟಾ. ಗುಂಡು ಎಂದರೆ ಹಾರಿ ಹೋಗುವ ಸೀಸ ಮಾತ್ರ. ಗುರಿ ತಪ್ಪಿದಾಗ ಗುಂಡನ್ನು ಬೈಯುವವರು ಬಹಳ ಮಂದಿ. ಆದರೆ ದೋಷವು ತೋಟಾದ ಬೇರೆ ಅಂಗದಲ್ಲಿರುವುದುಂಟು, ಪಿಸ್ತೂಲಿನಲ್ಲೇ ಇರುವುದೂ ಉಂಟು.

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. 2012ರಲ್ಲಿ ಲಂಡನ್ ಒಲಿಂಪಿಕ್ಸಿನ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ವಿಜಯಕುಮಾರ್ ಬೆಳ್ಳಿಯ ಪದಕ ಪಡೆದರು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2016ರಲ್ಲಿ ರಿಯೋ ನಗರದಲ್ಲಿ 50 ಮೀಟರ್ ಪಿಸ್ತೂಲಿಗೆ ಸ್ಪರ್ಧಿಸಿದರು. 2024ರಲ್ಲಿ ಪ್ಯಾರಿಸ್ಸಿನ 25 ಮೀಟರ್ ಸ್ಪರ್ಧೆಯಲ್ಲಿ ಮನು ಭಾಕರ್ ನಾಲ್ಕನೆಯವರಾದರು. ಇಂಥ ಸುದ್ದಿಗಳನ್ನು ಕೇಳಿದ ಮಕ್ಕಳು ಗಾಳಿಪಿಸ್ತೂಲಿನಿಂದ ಅಭ್ಯಾಸ ಆರಂಭಿಸಿ, ಕೆಲವರಾದರೂ ಮುಂದೆ ತೋಟಾ ಹಾಕುವ ಪಿಸ್ತೂಲಿಗೆ ಬರುತ್ತಾರೆ. ಆಗ ತಂದೆತಾಯಿಗಳ ಮುಂದೆ ಬರುವ ಮೊದಲ ಪ್ರಶ್ನೆ: ಯಾವ ತೋಟಾ ಕೊಳ್ಳಬೇಕು? ಬೆಲೆ ಹೆಚ್ಚಿನದೇ ಒಳ್ಳೆಯದಲ್ಲವೆ? ತೋಟಾವೇನು ಬಾಳೆಹಣ್ಣಿನಂತೆ ಡಜನ್ ಲೆಕ್ಕದಲ್ಲಿ ಬೇಕಾದಷ್ಟು ತರುವ ಸಾಮಾನಲ್ಲ. 1959ರ ಆಯುಧ ಕಾಯಿದೆ ಮತ್ತು ಅದರ ನಿಯಮಗಳಂತೆ ಲೈಸೆನ್ಸಿನಲ್ಲಿ ಕಂಡಿರುವ ಎಣಿಕೆಯನ್ನು ಮೀರುವಂತಿಲ್ಲ. ಆದ್ದರಿಂದ ಆಯ್ಕೆ ತಪ್ಪಿದರೆ ಹಣವೂ ಹೋಯಿತು, ಅಭ್ಯಾಸವೂ ಹೋಯಿತು.

ಮೇಲೆ ಹೇಳಿದ ಮೂರು ಸ್ಪರ್ಧೆಗಳಲ್ಲೂ ಬಳಸುವುದು ಪಾಯಿಂಟ್ 22 ಲಾಂಗ್ ರೈಫಲ್ ಎಂಬ ತೋಟಾ. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಅದೇ. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ಹೊರತಂದ ಈ ತೋಟಾದ ಅಳತೆ ಇಂದಿಗೂ ಬದಲಾಗಿಲ್ಲ. ಗುಂಡಿನ ಅಡ್ಡಳತೆ ಸುಮಾರು 5.6 ಮಿಲಿಮೀಟರು, ತೂಕ ಸಾಮಾನ್ಯವಾಗಿ 2.6 ಗ್ರಾಂ. ಇದು ರಿಮ್‌ಫೈರ್ ಜಾತಿಯದು, ಎಂದರೆ ಅಂಚಿನಲ್ಲಿ ಕಿಡಿ ಹುಟ್ಟುವಂಥದು. ಕೊಡಗಿನ ಮನೆಗಳ ತೋಟಾಕೋವಿಯ ತೋಟಾವನ್ನು ನೋಡಿದವರಿಗೆ ಗೊತ್ತು: ಅದರ ಬುಡದ ನಟ್ಟನಡುವೆ ಲೋಹದ ಪುಟ್ಟ ಬಟ್ಟಲೊಂದಿರುತ್ತದೆ, ಕಿಡಿ ಹುಟ್ಟುವುದು ಅಲ್ಲಿ. ನಮ್ಮ ಪಾಯಿಂಟ್ 22ರಲ್ಲಿ ಅಂಥ ಬಟ್ಟಲಿಲ್ಲ. ಬುಡದ ಸುತ್ತ ಮಡಿಚಿದ ಟೊಳ್ಳು ಅಂಚೊಂದಿದೆ. ಕಾರ್ಖಾನೆಯಲ್ಲಿ ಚಿಪ್ಪಿಗೆ ಹಸಿ ರಾಸಾಯನಿಕವನ್ನು ಹಾಕಿ ಗರಗರನೆ ತಿರುಗಿಸಿ ಆ ಅಂಚಿನೊಳಗೆ ಹರಡುತ್ತಾರೆ. ಫೈರಿಂಗ್ ಪಿನ್ ಎಂಬ ಉಕ್ಕಿನ ಮೊಳೆ ಅಂಚನ್ನು ಜಜ್ಜಿದಾಗ ಕಿಡಿ ಹತ್ತುತ್ತದೆ. ಅಂಚಿನ ಯಾವುದೋ ಒಂದೆಡೆ ರಾಸಾಯನಿಕ ಹರಡದೆ ಉಳಿದು, ಮೊಳೆ ಸರಿಯಾಗಿ ಅಲ್ಲೇ ಬಡಿದರೆ ತೋಟಾ ಸುಮ್ಮನಿರುತ್ತದೆ. ಎಷ್ಟು ಒಳ್ಳೆಯ ಕಾರ್ಖಾನೆಯೇ ಆಗಲಿ, ಈ ಜಾತಿಯ ತೋಟಾಕ್ಕೆ ಹುಟ್ಟಿನಿಂದ ಬಂದ ದೌರ್ಬಲ್ಯವಿದು.

ಆದಕಾರಣ ನನ್ನ ಅಭಿಪ್ರಾಯದಲ್ಲಿ ಪಿಸ್ತೂಲಿನ ತೋಟಾಕ್ಕೆ ಮೊದಲು ನೋಡಬೇಕಾದದ್ದು ನಂಬಿಕೆ, ಆಮೇಲೆ ನಿಖರತೆ. ನೂರಕ್ಕೆ ಒಂದು ಕೈಕೊಡುವ ತೋಟಾ ಮೇಲ್ನೋಟಕ್ಕೆ ಒಳ್ಳೆಯದೇ ಎನಿಸುತ್ತದೆ. ಆದರೆ ಪಂದ್ಯದಲ್ಲಿ ಹೊಡೆಯುವುದು 60. ಅರುವತ್ತರಲ್ಲಿ ಒಂದಾದರೂ ಕೈಕೊಡುವ ಸಂಭವ ಎಷ್ಟೆಂದು ಲೆಕ್ಕದ ಮೇಷ್ಟರನ್ನು ಕೇಳಿ ನೋಡಿ. ನೂರಕ್ಕೆ 45 ಎನ್ನುತ್ತಾರೆ! ರ‍್ಯಾಪಿಡ್ ಫೈರಿನ ಕೊನೆಯ ಹಂತದಲ್ಲಿ 4 ಸೆಕೆಂಡಿನೊಳಗೆ ಐದು ಗುರಿಗಳಿಗೆ ಐದು ಗುಂಡು ಹೊಡೆಯಬೇಕು. ನಡುವೆ ಒಂದು ನಿಂತರೆ ಮರಳಿ ಹೊಡೆಯಲು ನಿಯಮದಲ್ಲಿ ಮಿತವಾದ ಅವಕಾಶವೇನೋ ಉಂಟು. ಒಮ್ಮೆ ಕದಡಿದ ಮನಸ್ಸನ್ನು ಯಾವ ನಿಯಮವೂ ತಿಳಿಯಾಗಿಸಲಾರದು.

ಹಾಗಾದರೆ ಹತ್ತದ ತೋಟಾವೆಲ್ಲ ಕೆಟ್ಟ ತೋಟಾವೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಡೆತ ಬಿದ್ದೂ ಹತ್ತದಿದ್ದಾಗ ಪಿಸ್ತೂಲಿನ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ಕಿಡಿ ತಡವಾಗಿ ಹತ್ತುವುದುಂಟು. ಆಮೇಲೆ ತೆಗೆದು ಅಂಚಿನ ಮೇಲಿನ ತಗ್ಗನ್ನು ನೋಡಿ. ತಗ್ಗು ಆಳವಾಗಿ ಸ್ಪಷ್ಟವಾಗಿದ್ದರೆ ತೋಟಾವನ್ನು ಸಂಶಯಿಸಬಹುದು. ತೇಲಿದಂತಿದ್ದರೆ ಪಿಸ್ತೂಲಿನ ಮೊಳೆ ಸವೆದಿದೆ, ಸ್ಪ್ರಿಂಗು ಸೋತಿದೆ, ಇಲ್ಲವೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿನಲ್ಲಿ ಮಸಿ, ಮೇಣ ಕಟ್ಟಿದೆ. ಮಸಿ ಕಟ್ಟಿದಾಗ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ; ಮೊಳೆಯ ಬಲವೆಲ್ಲ ಅದನ್ನು ಮುಂದಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ. ಎರಡನೆಯ ಹೊಡೆತಕ್ಕೆ ಅದೇ ತೋಟಾ ಹತ್ತಿದರೆ ಬಹುಶಃ ಇದೇ ಕಾರಣ. ಗೂಡನ್ನು ಶುಚಿ ಮಾಡದೆ ತೋಟಾದ ಹೆಸರನ್ನು ಬದಲಿಸುತ್ತ ಹೋಗುವುದು ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ. ಇನ್ನೊಂದು ಎಚ್ಚರಿಕೆ: ಎಂದಿನ ಸದ್ದಿನ ಬದಲು 'ಟುಸ್' ಎಂದಷ್ಟೇ ಕೇಳಿದರೆ ಕೂಡಲೇ ನಿಲ್ಲಿಸಿ, ಪಿಸ್ತೂಲನ್ನು ಖಾಲಿ ಮಾಡಿ, ನಳಿಗೆಯೊಳಗೆ ಗುಂಡು ಸಿಕ್ಕಿಕೊಂಡಿದೆಯೇ ಎಂದು ತರಬೇತಿದಾರರಿಂದ ನೋಡಿಸಬೇಕು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆದೀತು, ಕೈಗೂ ಅಪಾಯ.

ಇನ್ನು ವೇಗ. ಪೆಟ್ಟಿಗೆಗಳ ಮೇಲೆ ಸ್ಟಾಂಡರ್ಡ್ ವೆಲಾಸಿಟಿ, ಹೈ ವೆಲಾಸಿಟಿ ಎಂದು ಬರೆದಿರುತ್ತದೆ. ಸ್ಟಾಂಡರ್ಡ್ ಎಂಬುದು ರೈಫಲ್ಲಿನ ಉದ್ದ ನಳಿಗೆಯಿಂದ ಸೆಕೆಂಡಿಗೆ ಸುಮಾರು 325 ಮೀಟರು, ಶಬ್ದದ ವೇಗಕ್ಕಿಂತ ತುಸು ಕಡಿಮೆ. ಪಿಸ್ತೂಲಿನ ಗಿಡ್ಡ ನಳಿಗೆಯಿಂದ ಇನ್ನೂ ಕಡಿಮೆ. ಪಂದ್ಯದ ಪಿಸ್ತೂಲುಗಳ ಸ್ಪ್ರಿಂಗುಗಳನ್ನು ಸಾಮಾನ್ಯವಾಗಿ ಈ ಬಲಕ್ಕೇ ಹೊಂದಿಸಿರುತ್ತಾರೆ. ಒಂದು ಗುಂಡು ಹಾರಿದೊಡನೆ ಖಾಲಿ ಚಿಪ್ಪು ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು, ಚಿಪ್ಪು ಹೊರಗೆ ಬೀಳಬೇಕು, ಮುಂದಿನ ತೋಟಾ ಮೇಲೇರಬೇಕು. ಬಲ ಸಾಲದಿದ್ದರೆ ಚಿಪ್ಪು ಅರ್ಧ ಹೊರಬಂದು ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಪಿಸ್ತೂಲಿನ ಅಂಗಗಳಿಗೆ ಪೆಟ್ಟು, ಕೈಗೂ ಹೆಚ್ಚಿನ ಒದೆ. ಗುಂಡಿನ ಮೂತಿಯನ್ನೂ ನೋಡಬೇಕು. ರೈಫಲ್ಲಿಗೆಂದು ಮಾಡಿದ ಕೆಲವು ಉತ್ತಮ ತೋಟಾಗಳ ಮೂತಿ ಚಪ್ಪಟೆ. ಪಿಸ್ತೂಲಿನ ಮ್ಯಾಗಜಿನ್ನಿನಿಂದ ಏರುವಾಗ ಅದು ಎಡವುವುದುಂಟು. ಇಂಗ್ಲೆಂಡಿನ ಈಲಿ, ಜರ್ಮನಿಯ ಎಸ್‌ಕೆ, ಆರ್‌ಡಬ್ಲ್ಯುಎಸ್ ಮೊದಲಾದ ತಯಾರಕರು ಪಿಸ್ತೂಲಿಗೆಂದೇ ಬೇರೆ ತೋಟಾಗಳನ್ನು ಮಾಡುತ್ತಾರೆ.

ನಿಖರತೆಯ ವಿಷಯದಲ್ಲಿ ಜನ ಮರುಳಾಗುವುದು ಹೆಚ್ಚು. 25 ಮೀಟರಿನ ನಿಧಾನದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 50 ಮಿಲಿಮೀಟರು. ಕಲಿಯುವ ಹುಡುಗನ ಕೈಯ ಅಲುಗಾಟವೊಂದರಿಂದಲೇ ಗುಂಡುಗಳು 80 ಮಿಲಿಮೀಟರು ಚದುರುತ್ತವೆ ಎನ್ನಿ. ತೋಟಾದ ಸ್ವಂತ ಚದುರು 30 ಇದ್ದರೆ ಒಟ್ಟು 110 ಆಗುವುದಿಲ್ಲ. ಎರಡೂ ಸದಾ ಒಂದೇ ದಿಕ್ಕಿಗೆ ಎಳೆಯುವುದಿಲ್ಲವಾದ್ದರಿಂದ ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗೆ ತೆಗೆದರೆ ಸುಮಾರು 85. ಬೆಲೆ ಹೆಚ್ಚಿನ, 20 ಮಿಲಿಮೀಟರಿನ ತೋಟಾ ಹಾಕಿದರೂ ಸುಮಾರು 82. ಮೂರು ಮಿಲಿಮೀಟರಿಗಾಗಿ ಇಮ್ಮಡಿ ಹಣ ಕೊಡುವುದಕ್ಕಿಂತ ಅದೇ ಹಣಕ್ಕೆ ಇಮ್ಮಡಿ ಅಭ್ಯಾಸ ಮಾಡುವುದು ಮೇಲಲ್ಲವೆ? ಕೈ ಪಳಗಿದ ಮೇಲೆ ಮಾತು ಬೇರೆ.

ಪರೀಕ್ಷೆ ಮಾಡುವ ಕ್ರಮ ಕಷ್ಟವೇನಲ್ಲ. ನಿಮ್ಮ ಪಿಸ್ತೂಲಿನ ತಯಾರಕರು ಒಪ್ಪಿದ ಮೂರು ನಾಲ್ಕು ಬಗೆಗಳನ್ನು ತರಿಸಿ. ಗುಂಡಿನ ಮೇಲೆ ಮೇಣದ ಲೇಪವಿರುತ್ತದೆ, ಅದು ಒಂದೊಂದು ತಯಾರಕರದು ಒಂದೊಂದು ಬಗೆ. ಆದ್ದರಿಂದ ಬಗೆ ಬದಲಿಸಿದಾಗ ಮೊದಲ ಹದಿನೈದು ಇಪ್ಪತ್ತನ್ನು ಲೆಕ್ಕಕ್ಕೆ ಹಿಡಿಯಬಾರದು. ಬಳಿಕ ಕೈಯನ್ನು ಮರಳಿನ ಚೀಲದ ಮೇಲೆ ಊರಿ, ಹಾಳೆಗೆ ಹತ್ತರಂತೆ ಐದು ಹಾಳೆ ಹೊಡೆಯಬೇಕು. ಐದೇ ಗುಂಡು ಒಂದೇ ತೂತಿನಲ್ಲಿ ಬಿತ್ತೆಂದು ಹಾಳೆಯನ್ನು ಜೇಬಿನಲ್ಲಿಟ್ಟು ತೋರಿಸುತ್ತ ತಿರುಗುವವರಿದ್ದಾರೆ. ಅದು ಲಾಟರಿ, ಪರೀಕ್ಷೆಯಲ್ಲ. ಆರಿಸಿದ ಬಗೆಯಲ್ಲಿ 300 ತೋಟಾ ಒಂದೂ ನಿಲ್ಲದೆ ಹಾರಿದರೆ, ಕೈಕೊಡುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು.

ಪೆಟ್ಟಿಗೆಯ ಮೇಲೆ ಲಾಟಿನ ಸಂಖ್ಯೆ ಇರುತ್ತದೆ. ಬೆಲೆಗಿಂತ ಮೊದಲು ಅದನ್ನು ಓದಿ. ಒಂದೇ ಅಂಗಡಿಯ, ಒಂದೇ ಹೆಸರಿನ ಅಕ್ಕಿಯಾದರೂ ಹೋದ ತಿಂಗಳ ಮೂಟೆಯ ಅನ್ನದಂತೆ ಈ ತಿಂಗಳದು ಆಗುವುದಿಲ್ಲವಷ್ಟೆ. ತೋಟಾವೂ ಹಾಗೆಯೇ. ಒಪ್ಪಿದ ಲಾಟು ಸಿಕ್ಕಿದರೆ ಲೈಸೆನ್ಸಿನ ಮಿತಿಯೊಳಗೆ ಆದಷ್ಟನ್ನು ಅದರಲ್ಲೇ ಕೊಂಡು ಪಂದ್ಯಗಳಿಗೆ ಎತ್ತಿಡಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪೆಟ್ಟಿಗೆ ಬಿಟ್ಟರೆ ಮೇಣ ಕರಗಿ ಕೆಡುತ್ತದೆ. ಮನೆಯಲ್ಲಿ ತಂಪಾದ, ಒಣಗಿದ ಕಪಾಟಿನಲ್ಲಿ ಬೀಗ ಹಾಕಿಡಿ. ಸೀಸ ವಿಷ, ರೇಂಜಿನಿಂದ ಬಂದ ಮಗನೋ ಮಗಳೋ ಸೋಪು ಹಚ್ಚಿ ಕೈ ತೊಳೆಯುವ ತನಕ ತಿಂಡಿಯ ತಟ್ಟೆಯನ್ನು ಮುಂದಿಡಬೇಡಿ.