ಎಳೆಯುವುದು ಬಂತು, ನಿಲ್ಲಿಸುವುದು ಬರಲಿಲ್ಲ

ಕೊಯ್ಲು ಶುರುವಾಯಿತೆಂದರೆ ಜವಳಗೇರಾ ಮುಂದಿನ ಸಿಂಧನೂರು–ರಾಯಚೂರು ರಸ್ತೆ ಟ್ರ್ಯಾಕ್ಟರುಗಳ ಪಾಲು. ಈ ಕಡೆ ಭತ್ತದ ದರ ಕೂಗುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಟ್ರೇಲರಿಗೆ 100 ಚೀಲ ಒಟ್ಟಿದರೆ ಏಳೂವರೆ ಟನ್. ಅದನ್ನು ಎಳೆಯುವ 45–50 ಎಚ್‌ಪಿ ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು. ಎಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಷ್ಟು ಭಾರವನ್ನು ತಡೆದು ನಿಲ್ಲಿಸುವ ಹೊಣೆ ಯಾರದು? ಟ್ರೇಲರಿನ ಚಕ್ರದೊಳಗೆ ಇಣುಕಿದರೆ ಹೆಚ್ಚಿನವುಗಳಲ್ಲಿ ಬ್ರೇಕೇ ಇರುವುದಿಲ್ಲ.

ಇದು ಹೀಗೇಕಾಯಿತು ಎಂದು ಹುಡುಕುತ್ತ ಹೋದರೆ ಬಂಡಿಯ ಕಾಲಕ್ಕೆ ಹೋಗಬೇಕು. ಎತ್ತಿನ ಬಂಡಿಯಲ್ಲಿ ಮೂಕಿಗೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತಿತ್ತು, ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲೇಳುತ್ತಿತ್ತು. ಇಳಿಜಾರು ಬಂದರೆ ಎತ್ತುಗಳೇ ಕಾಲೂರಿ, ಕುತ್ತಿಗೆ ಕೊಟ್ಟು ಬಂಡಿಯನ್ನು ತಡೆಯುತ್ತಿದ್ದವು. ಎರೆ ಸೀಮೆಯ ಜೋಳ, ಹತ್ತಿಗೆ ಅಷ್ಟು ಸಾಕಾಗಿತ್ತು.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆ ಈ ನೆಲದ ಹಣೆಬರಹ ಬದಲಿಸಿತು. ಯೋಜನೆ ಹಾಕಿದವರು ಹೆಚ್ಚಾಗಿ ಅರೆ ನೀರಾವರಿ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಬೆಳೆದದ್ದು ಮಾತ್ರ ಭತ್ತ. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪು ಎಂದು ಕರೆಯುವ ತಮ್ಮ ಊರುಗಳನ್ನು ಕಟ್ಟಿದರು, ಮಡಿ ಮಾಡಿದರು, ನೀರು ನಿಲ್ಲಿಸಿದರು. ಎಕರೆಗೆ ಇಷ್ಟು ಚೀಲ ಎಂದು ಮಾತಾಡುವ ಕಾಲ ಬಂದ ಮೇಲೆ ಬಂಡಿಗೆ ಉಸಿರು ಸಾಲದಾಯಿತು.

ಯಂತ್ರ ಬರುವ ದಾರಿಗಳಲ್ಲಿ ಒಂದು ಜವಳಗೇರಾದಲ್ಲೇ ಇತ್ತು. 1956ರಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಸೋವಿಯತ್ ಯಂತ್ರಗಳೊಂದಿಗೆ ಕೇಂದ್ರ ಸರ್ಕಾರ ದೊಡ್ಡ ಕೃಷಿ ಫಾರಂ ಕಟ್ಟಿತು. ಅದೇ ಮಾದರಿಯ ಫಾರಂ ಮುಂದೆ ಜವಳಗೇರಾಕ್ಕೂ ಬಂತು. ಇಂಥ ಫಾರಂಗಳನ್ನು ನೋಡಿಕೊಳ್ಳಲು 1969ರಲ್ಲಿ ಭಾರತ ರಾಜ್ಯ ಫಾರಂಗಳ ನಿಗಮ ಹುಟ್ಟಿತು, 2014ರಲ್ಲಿ ಅದು ರಾಷ್ಟ್ರೀಯ ಬೀಜ ನಿಗಮದಲ್ಲಿ ಸೇರಿತು. ಇತ್ತ ದೇಶದೊಳಗೂ ಟ್ರ್ಯಾಕ್ಟರ್ ತಯಾರಿಕೆ ಆರಂಭವಾಗಿತ್ತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್, ಅದರ ಬೆನ್ನಿಗೇ ಮದ್ರಾಸಿನಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ತಯಾರಿಸುವ ಟಾಫೆ.

ಫರ್ಗ್ಯುಸನ್ ಹೆಸರನ್ನು ಇಲ್ಲಿ ಸುಮ್ಮನೆ ದಾಟಿ ಹೋಗುವಂತಿಲ್ಲ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಹಿಂದೆ ಮೂರು ತೋಳಿನ ಹೈಡ್ರಾಲಿಕ್ ಜೋಡಣೆ ತಂದವನು. ಅವನ ಕಂಪನಿಯ ಎರಡು ಗಾಲಿಯ ಟ್ರೇಲರಿನಲ್ಲಿ ಆಕ್ಸಲ್ ಹಿಂದಕ್ಕೆ ಸರಿದಿತ್ತು. ಆದ್ದರಿಂದ ಹೊರೆಯ ಒಂದು ಪಾಲು ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಕೂತು ಹಿಡಿತ ಹೆಚ್ಚುತ್ತಿತ್ತು. ಇಂದು ನಮ್ಮ ಕಡೆ ಓಡುವ ಎರಡು ಗಾಲಿಯ ಟ್ರೇಲರಿನ ಹಿಂದಿರುವುದೂ ಇದೇ ಲೆಕ್ಕ. ಎಳೆಯುವ ವಿದ್ಯೆ ಹೀಗೆ ಪೂರ್ತಿಯಾಗಿ ಬಂತು. ಊರಿನ ವೆಲ್ಡಿಂಗ್ ಶೆಡ್ಡುಗಳು ಚಾನೆಲ್, ತಗಡು, ಲಾರಿಯ ಹಳೆ ಟೈರು ಕೂಡಿಸಿ ಟ್ರೇಲರ್ ಮಾಡಲು ಕಲಿತವು. ಬ್ರೇಕ್ ಮಾತ್ರ ಕೈಬಿಟ್ಟು ಹೋಯಿತು. ಹೊಲದಿಂದ ಕಣಕ್ಕೆ, ಕಣದಿಂದ ಊರಿಗೆ ನಿಧಾನ ಹೋಗುವ ಗಾಡಿಗೆ ಅದೇಕೆ ಎಂಬ ಮಾತು ಆಗ ತಪ್ಪೆನಿಸಿರಲಿಕ್ಕಿಲ್ಲ. ಈಗ ಡಾಂಬರು ನುಣುಪಾಗಿದೆ. ವೇಗ 20ರಿಂದ 40 ಕಿಲೋಮೀಟರಿಗೆ ಏರಿದರೆ ತಡೆಯಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ನಾಲೆಯ ಸೇತುವೆ ಇಳಿಯುವಾಗ ಅಪಾಯ ಕಾಣುತ್ತದೆ. ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಅದಕ್ಕೂ ಎಡ, ಬಲಕ್ಕೆ ಬೇರೆ ಬೇರೆ ಪೆಡಲ್. ಮಡಿಯಲ್ಲಿ ಗರ್ರನೆ ತಿರುಗಿಸಲು ಅದು ಬೇಕು. ರಸ್ತೆಗೆ ಬಂದ ಮೇಲೆ ಎರಡನ್ನೂ ಲಾಕ್ ಹಾಕಿ ಕೂಡಿಸದಿದ್ದರೆ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಏಳೂವರೆ ಟನ್ ಅದನ್ನು ಮಡಚಿ ತಳ್ಳಿಕೊಂಡು ಹೋಗುತ್ತದೆ.

ಇದಕ್ಕೆ ಮದ್ದು ನೂರು ವರ್ಷ ಹಿಂದಿನಿಂದ ಇದೆ. ಎಣ್ಣೆಯ ಒತ್ತಡದಿಂದ ಬ್ರೇಕ್ ಹಾಕುವ ವಿಧಾನಕ್ಕೆ ಅಮೆರಿಕದ ಮಾಲ್ಕಂ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗಳಿಗೆ ಅದು ಬಂತು. ಅದನ್ನೇ ಟ್ರೇಲರಿನ ಮೂತಿಗೆ ತಂದದ್ದು ಸರ್ಜ್ ಬ್ರೇಕ್. ಯುರೋಪಿನಲ್ಲಿ ಇದನ್ನು ಓವರ್‌ರನ್ ಬ್ರೇಕ್ ಎನ್ನುತ್ತಾರೆ, ಅಲ್ಲಿ ಸರಳು, ಕೇಬಲ್ಲಿನದೇ ಹೆಚ್ಚು. ಅಮೆರಿಕದಲ್ಲಿ ದೋಣಿ ಸಾಗಿಸುವ ಟ್ರೇಲರುಗಳಲ್ಲಿ ಎಣ್ಣೆಯದು ರೂಢಿಯಾಯಿತು.

ಕೆಲಸ ಸರಳ. ಟ್ರೇಲರಿನ ಮುಂಭಾಗದ ಜೋಡಣೆ ಒಂದರೊಳಗೊಂದು ಜಾರುವ ಎರಡು ಭಾಗಗಳಲ್ಲಿರುತ್ತದೆ. ಟ್ರ್ಯಾಕ್ಟರ್ ನಿಧಾನವಾದಾಗ ಟ್ರೇಲರ್ ತನ್ನದೇ ಭಾರದಿಂದ ಮುಂದಕ್ಕೆ ನುಗ್ಗುತ್ತದೆ, ಆ ನುಗ್ಗು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒತ್ತುತ್ತದೆ, ಎಣ್ಣೆ ಕೊಳವೆಯಲ್ಲಿ ಹರಿದು ಗಾಲಿಯೊಳಗಿನ ಬ್ರೇಕ್ ಶೂಗಳನ್ನು ಅರಳಿಸುತ್ತದೆ. ಹೊರೆ ಹೆಚ್ಚಿದಷ್ಟೂ ತಳ್ಳು ಹೆಚ್ಚು, ತಳ್ಳು ಹೆಚ್ಚಿದಷ್ಟೂ ಬ್ರೇಕು ಬಿಗಿ. ಟ್ರ್ಯಾಕ್ಟರಿನಿಂದ ವೈರೂ ಬೇಡ, ಪೈಪೂ ಬೇಡ. ಹಳೆಯ ಟ್ರ್ಯಾಕ್ಟರಿನ ರೈತನಿಗೂ ಒಗ್ಗುವುದು ಇದರ ಈ ಗುಣದಿಂದ.

ಮಿತಿಯೂ ಇದೆ. 2007ರಲ್ಲಿ ಅಮೆರಿಕ ಸರ್ಕಾರ ವಾಣಿಜ್ಯ ವಾಹನಗಳಿಗೆ ಇದನ್ನು ಒಪ್ಪಿದಾಗ, ಸುಮಾರು 5,400 ಕಿಲೋವರೆಗಿನ ಟ್ರೇಲರ್ ಎಳೆಯುವ ವಾಹನದ ಗರಿಷ್ಠ ತೂಕದ 1.75 ಪಟ್ಟು ಮೀರಬಾರದು, ಅದಕ್ಕಿಂತ ಭಾರದ್ದು, 9,000 ಕಿಲೋ ಆಸುಪಾಸಿನವರೆಗೆ, 1.25 ಪಟ್ಟು ಮೀರಬಾರದು ಎಂದಿತು. ಈ ಅಳತೆಗೋಲನ್ನು ನಮ್ಮ ನೂರು ಚೀಲಕ್ಕೆ ಹಿಡಿದರೆ ಯಾವ ಟ್ರೇಲರೂ ಪಾಸಾಗುವುದಿಲ್ಲ. ಬ್ರೇಕ್ ಕೂಡಿಸಿದ್ದೇವೆಂದು ಇನ್ನಷ್ಟು ಚೀಲ ಒಟ್ಟುವುದಕ್ಕೆ ಅದು ಪರವಾನಗಿಯಲ್ಲ. ಉದ್ದ ಇಳಿಜಾರಿನಲ್ಲಿ ಇದು ಬಿಡದೆ ಹಿಡಿದು ಬಿಸಿಯೇರುತ್ತದೆ, ಏರಿನಲ್ಲಿ ನಿಲ್ಲಿಸಿದರೆ ಹಿಡಿಯುವುದೇ ಇಲ್ಲ. ಆಗ ಕೈಬ್ರೇಕ್ ಬೇಕು, ಗಾಲಿಗೆ ಕಲ್ಲು ಕೊಡಬೇಕು. ರಿವರ್ಸ್ ಹೊಡೆದಾಗಲೂ ತಳ್ಳು ಬೀಳುವುದರಿಂದ ಬ್ರೇಕ್ ಹಿಡಿದುಬಿಡುತ್ತದೆ. ಅದಕ್ಕೊಂದು ಲಾಕ್ ಪಿನ್ ಇರುತ್ತದೆ, ಮತ್ತೆ ಮುಂದಕ್ಕೆ ಹೊರಡುವ ಮುನ್ನ ತೆಗೆಯದಿದ್ದರೆ ಬ್ರೇಕ್ ಇದ್ದೂ ಇಲ್ಲದಂತೆ.

ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವಾಗ ಮೊದಲು ನೋಡಬೇಕಾದದ್ದು ಕೂಡಿಸುವ ಪಿನ್. ಅಳತೆಯ ಪಿನ್, ಅದಕ್ಕೆ ಕ್ಲಿಪ್. ಕಬ್ಬಿಣದ ಸರಳು, ಬೋಲ್ಟು ತುರುಕಿ ಓಡಿಸುವ ಚಾಳಿ ನಿಲ್ಲಬೇಕು. ಭಾರವನ್ನು ಎಂದೂ ಮೂರು ತೋಳುಗಳಲ್ಲಿ ಮೇಲಿನದಾದ ಟಾಪ್‌ಲಿಂಕಿಗೆ ಕಟ್ಟಬಾರದು, ಟ್ರ್ಯಾಕ್ಟರಿನ ಮುಂಭಾಗ ಎದ್ದು ಚಾಲಕನ ಮೇಲೇ ಹಿಂದಕ್ಕೆ ಮಗುಚುತ್ತದೆ. ಟ್ರೇಲರ್ ಮಟ್ಟಸವಾಗಿ ನಿಂತಿರಬೇಕು. ಮೂತಿ ಓರೆಯಾದರೆ ಜಾರುವ ಭಾಗ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಕಬೇಕು. ಪಿನ್ ಕಿತ್ತುಹೋದರೆ ಬ್ರೇಕ್ ಎಳೆದು ಹಿಡಿಯುವ ತಂತಿಯನ್ನು ಟ್ರ್ಯಾಕ್ಟರಿನ ಚೌಕಟ್ಟಿಗೇ ಕಟ್ಟಬೇಕು, ಪಿನ್ನಿಗಲ್ಲ.

ಎಣ್ಣೆಯ ವಿಷಯದಲ್ಲಿ ರಾಜಿಯಿಲ್ಲ. ಎಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಉಬ್ಬಿ ಸಿಲಿಂಡರೇ ಕೆಡುತ್ತದೆ. ಡಾಟ್-3 ಎಂಬ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದು 205 ಡಿಗ್ರಿಗೆ ಕುದಿಯುವುದಾದರೆ, ತೇವ ಕುಡಿದದ್ದು 140ಕ್ಕೇ ಕುದಿದೀತು. ಎರಡು ವರ್ಷಕ್ಕೊಮ್ಮೆ ಬದಲಿಸಿ, ದೂರದ ಗಾಲಿಯಿಂದ ಶುರುಮಾಡಿ ಗಾಳಿ ತೆಗೆಯಬೇಕು. ರಾಡಿಯಲ್ಲಿ ಓಡಿದ ಗಾಲಿಯ ಡ್ರಮ್ಮಿನಲ್ಲಿ ಕೆಸರು ಕೂತಿರುತ್ತದೆ, ಹಂಗಾಮು ಮುಗಿದ ಮೇಲೆ ಬಿಚ್ಚಿ ತೊಳೆದು, ಬೇರಿಂಗಿಗೆ ಗ್ರೀಸ್ ತುಂಬಬೇಕು. ಶೂಗಳನ್ನು ಡ್ರಮ್ಮಿಗೆ ತಾಗುವಷ್ಟು ಬಿಗಿ ಮಾಡಿ, ಗಾಲಿ ಸಲೀಸಾಗಿ ತಿರುಗುವಷ್ಟು ಸಡಿಲಿಸಬೇಕು. ದಾರಿಯಲ್ಲಿ ನಿಂತಾಗ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಒಂದು ಗಾಲಿ ಕೆಂಡದಂತೆ ಬಿಸಿಯಾಗಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ.

ಹೊಸ ಟ್ರೇಲರಿಗೆ ಮುಂಗಡ ಕೊಡುವವರು ಅಗಲ, ಉದ್ದ, ತಗಡಿನ ದಪ್ಪ, ಬಣ್ಣ ಎಲ್ಲವನ್ನೂ ಬರೆಸಿಕೊಳ್ಳುತ್ತಾರೆ. ಅದೇ ಚೀಟಿಯಲ್ಲಿ ಎರಡೂ ಗಾಲಿಗೆ ಬ್ರೇಕ್, ಸರಪಳಿ, ಕೈಬ್ರೇಕ್ ಎಂದು ಇನ್ನೊಂದು ಸಾಲು ಬರೆಸಿ. ಹಳೆಯ ಟ್ರೇಲರ್ ಇದ್ದವರು ಚೀಲ ಕಡಿಮೆ ಮಾಡಿ, ರಸ್ತೆಗೆ ಇಳಿಯುವ ಮುನ್ನ ಎರಡು ಪೆಡಲ್ ಕೂಡಿಸಿ ಲಾಕ್ ಹಾಕಿ, ನಾಲೆಯ ಸೇತುವೆಗೆ ಮೊದಲೇ ಗೇರ್ ಇಳಿಸಿ.